ಚೀಲಕ್ಕೊಂದು ಬೆನ್ನೆಲುಬು

ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಮೊಳಕಾಲ್ಮೂರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಅವಳ ಕಂಕುಳಲ್ಲಿ ನೀಲಿ ಬಣ್ಣದ ಫೋಮ್ ಚಾಪೆಯ ಸುರುಳಿಯೊಂದಿತ್ತು. ಮನೆಗೆ ಬಂದವಳೇ ತನ್ನ ಚೀಲದೊಳಗಿಂದ ಇನ್ನೊಂದು ಚೀಲ ಹೊರತೆಗೆದಳು. ಕರವಸ್ತ್ರದಂತೆ ಮಡಚಿಟ್ಟಿದ್ದ ಚೀಲ!

"ಅಜ್ಜಾ, ಇದು ಅಮ್ಮ ನಿನಗೆ ಕಳಿಸಿದ್ದು. ನಿನ್ನ ಹಳೇ ಚೀಲ ಹೊತ್ಕೊಂಡು ಬೆಟ್ಟ ಹತ್ತಬಾರದಂತೆ."

ನಾನದನ್ನು ಬಿಡಿಸಿ ಜಗಲಿಯ ಮೇಲೆ ನಿಲ್ಲಿಸಿದೆ. ಅದು ನಿಲ್ಲಲಿಲ್ಲ. ಅಕ್ಕಿ ಖಾಲಿಯಾದ ಮೂಟೆಯ ಹಾಗೆ ಮೆಲ್ಲಗೆ ಕುಸಿದು, ಮುದುಡಿ ಮಲಗಿತು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಆರುನೂರು ಗ್ರಾಂ. ನನ್ನ ಹಳೆಯ ಚೀಲ ಖಾಲಿ ಇದ್ದಾಗಲೇ ಎರಡು ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಅದರ ಬೆನ್ನಿಗೆ ಅಲ್ಯೂಮಿನಿಯಂ ಪಟ್ಟಿಗಳಿವೆ, ದಪ್ಪ ಬಟ್ಟೆ ಇದೆ. ಮೂರ್ತಿಯಂತೆ ನಿಲ್ಲುತ್ತದೆ. ಈ ಎಲುಬಿಲ್ಲದ ಚೀಲವನ್ನು ನಂಬುವುದು ಹೇಗೆ?

ನಂಬಲೇಬೇಕಾಯಿತು. ಹೊರಡುವ ಹಿಂದಿನ ರಾತ್ರಿ ಹಳೆಯ ಚೀಲಕ್ಕೆ ಸಾಮಾನು ತುಂಬಿ ಎತ್ತಿದೆ ನೋಡಿ, ಹೆಗಲಪಟ್ಟಿ ಬುಡಸಮೇತ ಕಿತ್ತು ಬಂತು.

ನಾವು ಹೊರಟಿದ್ದು ದೂರದ ಹಿಮಾಲಯಕ್ಕೇನಲ್ಲ. ನಮ್ಮ ತಾಲ್ಲೂಕಿನದೇ ಸಿದ್ದಾಪುರದ ಬಳಿ ಬಸ್ಸಿಳಿದು, ಹೊಲದ ದಾರಿ ಹಿಡಿದು ನಡೆದು, ಸಂಬಂಧಿಕರೊಬ್ಬರ ತೋಟದ ಮನೆಯಲ್ಲಿ ರಾತ್ರಿ ತಂಗುವುದು. ಬೆಳಗ್ಗೆ ಬ್ರಹ್ಮಗಿರಿಯ ಬುಡದಲ್ಲಿರುವ ಅಶೋಕನ ಶಾಸನ ನೋಡಿ, ಅಲ್ಲಿಂದ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ ಇಳಿಯುವುದು. ಇಷ್ಟೇ. ಆದರೆ ನನಗೆ ಅರವತ್ತೆಂಟು ವರ್ಷ. ನಾಲ್ಕು ವರ್ಷಗಳ ಹಿಂದೆ ಸೈಕಲ್ಲಿನಿಂದ ಬಿದ್ದಾಗಿನಿಂದ ಎಡ ಹೆಗಲು ಸರಿಯಿಲ್ಲ. ಭಾರ ಬಿದ್ದರೆ ಮೊದಲು ಹೆಗಲು ಉರಿಯುತ್ತದೆ, ಆಮೇಲೆ ಬೆರಳುಗಳು ಜುಮುಗುಡುತ್ತವೆ. "ಕೈ ಜುಮ್ಮೆಂದರೆ ಅಲ್ಲಿಂದಲೇ ವಾಪಸ್" ಎಂದು ಮಗಳು ಫೋನಿನಲ್ಲಿ ಮಾತು ತೆಗೆದುಕೊಂಡಿದ್ದಳು. ಕೊಟ್ಟ ಮಾತಿಗೆ ಸಾಕ್ಷಿಯಾಗಿ ಹದಿಮೂರು ವರ್ಷದ ಮೊಮ್ಮಗಳು ಪಕ್ಕದಲ್ಲೇ ಇದ್ದಳು.

ಚೀಲ ತುಂಬುವಾಗ ಅವಳು ಒಂದು ಮಾತು ಹೇಳಿದಳು. "ಚಾಪೆಯನ್ನು ಮೊದಲು ಒಳಗೆ ಇಡಬೇಕಂತೆ ಅಜ್ಜಾ."

ಚಾಪೆ ಬಿಚ್ಚಿದರೆ ನೂರೆಂಬತ್ತು ಸೆಂಟಿಮೀಟರ್ ಉದ್ದ, ಐವತ್ತು ಸೆಂಟಿಮೀಟರ್ ಅಗಲ. ಹಾಸಿಗೆಯನ್ನು ಚೀಲದೊಳಗೆ ಇಟ್ಟರೆ ಸಾಮಾನು ಇಡುವುದೆಲ್ಲಿ? ನಾನು ನಲವತ್ತು ವರ್ಷದಿಂದ ಮಾಡಿಕೊಂಡು ಬಂದಂತೆ ಅದನ್ನು ಬಿಗಿಯಾಗಿ ಸುತ್ತಿ, ಚೀಲದ ಕೆಳಗೆ ಹಗ್ಗದಿಂದ ಕಟ್ಟಿದೆ. ಒಳಗೆ ಬಟ್ಟೆ, ಹೊದಿಕೆ, ಬುತ್ತಿ, ಪಾತ್ರೆ, ಮೂರು ಲೀಟರ್ ನೀರು. ಒಟ್ಟು ಏಳೂವರೆ ಕೆ.ಜಿ. ಪುಟ್ಟಿಯ ಚೀಲದಲ್ಲಿ ಮೂರೂವರೆ.

ಬೆಳಗ್ಗೆ ನಮ್ಮ ಬೀದಿಯಲ್ಲಿ ರೇಷ್ಮೆ ಮಗ್ಗಗಳ ಲಟಕ್ ಪಟಕ್ ಶುರುವಾಗುವ ಹೊತ್ತಿಗೆ ಹೊರಟೆವು. ಬಸ್ಸಿಳಿದು ಅರ್ಧ ಗಂಟೆ ನಡೆದಿರಬೇಕು. ನೀರಿನ ಬಾಟಲಿಯ ಮುಚ್ಚಳ ಬೆನ್ನಹುರಿಗೆ ಸರಿಯಾಗಿ ಕುಟ್ಟತೊಡಗಿತು. ಚೀಲ ನಡುವೆ ಮಡಚಿಕೊಂಡು, ಹೊಟ್ಟೆ ಬಂದವರ ಹಾಗೆ ಹಿಂದಕ್ಕೆ ಉಬ್ಬಿತು. ಸೊಂಟದ ಪಟ್ಟಿ ಕಟ್ಟಿಯೇ ಇದ್ದೆ. ಆದರೆ ಅದು ಸುಮ್ಮನೆ ಹೊಟ್ಟೆಯ ಸುತ್ತ ಇತ್ತು, ಭಾರವೆಲ್ಲ ಹೆಗಲಿಗೇ ಜೋತುಬಿದ್ದಿತ್ತು. ಕೆಳಗೆ ಕಟ್ಟಿದ ಚಾಪೆ ಹೆಜ್ಜೆ ಹೆಜ್ಜೆಗೂ ತೊಡೆಯ ಹಿಂಭಾಗಕ್ಕೆ ಬಡಿಯುತ್ತಿತ್ತು. ಮೊದಲು ಹೆಗಲು ಉರಿಯಿತು. ಆಮೇಲೆ, ಯಾರಿಗೂ ಹೇಳಬಾರದು ಅಂದುಕೊಂಡರೂ, ಕಿರುಬೆರಳು ಜುಮ್ಮೆಂದಿತು.

ಬೇವಿನ ಮರದ ಕೆಳಗೆ ಚೀಲ ಇಳಿಸಿ ಕೂತೆ. ಪುಟ್ಟಿ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಬೆರಳು ಮಡಚಿ ಬಿಡಿಸುತ್ತಿದ್ದುದನ್ನು ಕಂಡಳು. "ವಾಪಸ್ ಹೋಗೋಣವಾ ಅಜ್ಜಾ?" ಎಂದಳು. ಕೇಳುವಾಗ ಅವಳ ದನಿ ಇಳಿದದ್ದು ನನಗೆ ಗೊತ್ತಾಯಿತು. ಎದುರಿಗೆ ಬೆಟ್ಟದ ಬಂಡೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಈ ಸಲ ಹಿಂದಿರುಗಿದರೆ ಮುಂದೆ ಮತ್ತೆ ಬೆಟ್ಟದ ಮಾತು ಮನೆಯಲ್ಲಿ ಯಾರೂ ಎತ್ತಗೊಡುವುದಿಲ್ಲ ಎಂಬುದೂ ಗೊತ್ತಿತ್ತು.

"ಒಂದು ಸಲ ಅಮ್ಮನ ಥರ ಕಟ್ಟಿ ನೋಡ್ಲಾ?" ಎಂದು ಅವಳೇ ಕೇಳಿದಳು. ನಾನು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ.

ಅವಳು ಚೀಲವನ್ನು ಪೂರ್ತಿ ಖಾಲಿ ಮಾಡಿದಳು. ಚಾಪೆಯನ್ನು ಸಡಿಲವಾಗಿ ಸುತ್ತಿ, ನಿಂತ ಕೊಳವೆಯಂತೆ ಚೀಲದೊಳಗೆ ಇಳಿಸಿದಳು. ಆಮೇಲೆ ಒಳಗೆ ಕೈಹಾಕಿ ಸುರುಳಿಯನ್ನು ಅಗಲಿಸಿದಳು. ಚಾಪೆ ತಾನಾಗಿಯೇ ಬಿಚ್ಚಿಕೊಳ್ಳುತ್ತಾ ಹೋಗಿ ಚೀಲದ ಗೋಡೆಗೆ ಒಳಗಿನಿಂದ ಅಂಟಿಕೊಂಡಿತು. ಸುತ್ತಲೂ ಎರಡು ಪದರ. ಚೀಲ ನಿಂತಿತು! ರಾಗಿ ತುಂಬುವ ವಾಡೆಯ ಹಾಗೆ ದುಂಡಗೆ, ನೆಟ್ಟಗೆ. ತಳದಲ್ಲಿ ಹೊದಿಕೆ, ಅದರ ಮೇಲೆ ಬೆನ್ನಿಗೆ ಒತ್ತುವ ಕಡೆಗೆ ನೀರು ಮತ್ತು ಬುತ್ತಿ, ಹೊರಗಡೆಗೆ ಬಟ್ಟೆ, ಎಲ್ಲಕ್ಕಿಂತ ಮೇಲೆ ಹಗುರವಾದ ಸಣ್ಣಪುಟ್ಟದ್ದು. ಸಂದುಗಳಿಗೆಲ್ಲ ಟವೆಲ್ಲು ತುರುಕಿ, ಬಾಯಿ ಬಿಗಿದಳು. ಸೊಂಟದ ಪಟ್ಟಿಯನ್ನು ಹೊಟ್ಟೆಗಲ್ಲ, ಸೊಂಟದ ಮೂಳೆಯ ಮೇಲಂಚಿಗೆ ಕೂರುವಂತೆ ಕಟ್ಟಿಸಿದಳು.

ಎದ್ದು ನಿಂತೆ. ಹೆಗಲಪಟ್ಟಿಯ ಕೆಳಗೆ ಬೆರಳು ತೂರಿಸಿದೆ. ಸಲೀಸಾಗಿ ತೂರಿತು. ಅದೇ ಏಳೂವರೆ ಕೆ.ಜಿ. ಒಂದು ಗ್ರಾಂ ಕಡಿಮೆಯಾಗಿಲ್ಲ. ಆದರೆ ಭಾರ ಹೆಗಲು ಬಿಟ್ಟು ಸೊಂಟಕ್ಕೆ ಇಳಿದಿತ್ತು.

ಹತ್ತು ಹೆಜ್ಜೆ ಹೋಗಿ ಬಂದೆ. ಇನ್ನೂ ಹತ್ತು. ಕಾಲು ಗಂಟೆ ಕಾದು ನೋಡಿದೆವು, ಜುಮುಗುಡುವುದು ನಿಂತಿತು. ನಿಲ್ಲದೇ ಹೋಗಿದ್ದರೆ ಮಾತಿಗೆ ತಕ್ಕಂತೆ ವಾಪಸ್ ಬರುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಅಜ್ಜಂದಿರು ಇಂಥ ವಿಷಯದಲ್ಲಿ ಧೈರ್ಯ ತೋರಿಸಬಾರದು.

ಇದು ಹೇಗಾಯಿತು? ಮಕ್ಕಳೇ, ಒಂದು ಹಾಳೆ ತೆಗೆದುಕೊಳ್ಳಿ. ಅಂಚಿನ ಮೇಲೆ ನಿಲ್ಲಿಸಿ ನೋಡಿ, ಬಿದ್ದುಹೋಗುತ್ತದೆ. ಅದೇ ಹಾಳೆಯನ್ನು ಎರಡು ಮೂರು ಬೆರಳಿನ ದಪ್ಪಕ್ಕೆ ಕೊಳವೆಯಾಗಿ ಸುತ್ತಿ, ದಾರ ಕಟ್ಟಿ ನಿಲ್ಲಿಸಿ. ಅದರ ಮೇಲೊಂದು ನೋಟ್‌ಬುಕ್ ಇಡಿ. ನಿಲ್ಲುತ್ತದೆ. ಕಾಗದ ಅದೇ, ಆಕಾರ ಬೇರೆ. ಬಿದಿರು, ನಮ್ಮ ಕಾಲಿನ ಉದ್ದ ಮೂಳೆ ಎರಡೂ ಈ ಕೊಳವೆಯ ಸಂಬಂಧಿಕರೇ. ಈಗ ಆ ಕಾಗದದ ಕೊಳವೆಯನ್ನು ನಡುವೆ ಬೆರಳಿನಿಂದ ಸ್ವಲ್ಪ ಅದುಮಿ. ಪಟ್ಟನೆ ಮಡಚಿ ನೋಟ್‌ಬುಕ್ ಕೆಳಗೆ ಬರುತ್ತದೆ. ಕೊಳವೆಯ ಗುಟ್ಟು ಅದರ ಗೋಡೆ ಒಳಕ್ಕೆ ಕುಸಿಯದೆ ಇರುವುದರಲ್ಲಿದೆ. ಇನ್ನೊಂದು ಕೊಳವೆ ಮಾಡಿ, ತಟ್ಟೆಯಲ್ಲಿ ನಿಲ್ಲಿಸಿ, ಒಳಗೆ ರಾಗಿ ತುಂಬಿ ಅದುಮಿ ನೋಡಿ. ಅಷ್ಟು ಬೇಗ ಮಡಚುವುದಿಲ್ಲ. ಪುಟ್ಟಿ ಸಂದುಗಳಿಗೆಲ್ಲ ಟವೆಲ್ಲು ತುರುಕಿದ್ದು ಇದಕ್ಕೇ. ಅರ್ಧ ತುಂಬಿದ ಚೀಲದಲ್ಲಿ ಚಾಪೆ ಇದ್ದರೂ ಅಷ್ಟಕ್ಕಷ್ಟೇ. ತುಂಬಿ ಬಿಗಿದರೆ ಮಾತ್ರ ಚೀಲ ಒಂದೇ ಗಟ್ಟಿ ಕಂಬದಂತಾಗುತ್ತದೆ. ಕಂಬ ಕುಸಿಯದಿದ್ದರೆ ಅದರ ಬುಡದಲ್ಲಿರುವ ಸೊಂಟದ ಪಟ್ಟಿಗೆ ಭಾರ ತಲುಪುತ್ತದೆ. ಕುಸಿದರೆ ಅದು ಮೇಲಿನ ಪಟ್ಟಿಗೆ ನೇತುಬೀಳುತ್ತದೆ, ಅಂದರೆ ಹೆಗಲಿಗೆ.

ಚಾಪೆಯನ್ನು ಕೊಳವೆ ಮಾಡದೆ ನಾಲ್ಕಾಗಿ ಮಡಚಿ ಬೆನ್ನಿನ ಕಡೆಗೆ ಹಲಗೆಯಂತೆ ಇಡುವವರೂ ಇದ್ದಾರೆ. ಅದರಿಂದ ಬೆನ್ನಿಗೆ ಏನೂ ಚುಚ್ಚುವುದಿಲ್ಲ, ಒಳಗೆ ಜಾಗವೂ ಹೆಚ್ಚು ಉಳಿಯುತ್ತದೆ. ಸಣ್ಣ ಚೀಲಕ್ಕೆ ಅದೇ ಅನುಕೂಲ. ಭಾರ ಜಾಸ್ತಿ ಇದ್ದಾಗ ಮಾತ್ರ ಕೊಳವೆಯೇ ವಾಸಿ ಎಂದು ನನ್ನ ಅನುಭವ. ಎಂಟು ಒಂಬತ್ತು ಕೆ.ಜಿ. ದಾಟಿತೋ, ಎರಡೂ ಸಾಲದು, ಪಟ್ಟಿ ಇರುವ ಚೀಲವೇ ಬೇಕು.

ಗಾಳಿ ಊದುವ ಹಾಸಿಗೆ ಮಡಚಿದರೆ ಅಂಗೈಯಷ್ಟಾಗುತ್ತದೆ, ನಿಜ. ಆದರೆ ನಮ್ಮ ಕಡೆಯ ಜಾಲಿಮುಳ್ಳಿಗೆ ಅದು ಒಂದು ರಾತ್ರಿಯೂ ಬಾಳಲಾರದು. ಫೋಮ್ ಚಾಪೆಯೊಳಗೆ ಸಾವಿರಾರು ಸಣ್ಣ ಗುಳ್ಳೆಗಳಿವೆ. ಒಂದೊಂದೂ ತನ್ನ ಬಾಗಿಲು ಮುಚ್ಚಿಕೊಂಡ ಕೋಣೆ. ಮುಳ್ಳು ಚುಚ್ಚಿದರೆ ನಾಲ್ಕು ಕೋಣೆ ಹಾಳಾದೀತು, ಊರು ಉಳಿಯುತ್ತದೆ. ಅದೇ ಕಾರಣಕ್ಕೆ ನೀರನ್ನೂ ಕುಡಿಯುವುದಿಲ್ಲ. ತೂಕ ಮುನ್ನೂರು ಗ್ರಾಂ ಆಸುಪಾಸು.

ನಾವು ಹೀಗೆ ಚೀಲ ಬಿಚ್ಚಿ ಕಟ್ಟುವ ಹೊತ್ತಿಗೆ ಕುರಿಹಿಂಡೊಂದು ಬಂದು ಸುತ್ತುಗಟ್ಟಿತ್ತು. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಈ ಕಾಲಕ್ಕೆ ರಾತ್ರಿ ಮಂದೆ ಹಾಕಿಸುತ್ತಾರೆ. ಹಿಕ್ಕೆಯೇ ಹೊಲಕ್ಕೆ ಗೊಬ್ಬರ. ಹಿಂಡಿನ ಹಿಂದೆ ಬಂದ ಕುರಿಗಾಹಿ, ನನ್ನದೇ ವಯಸ್ಸಿನವರು, ಕೋಲಿಗೆ ಗದ್ದ ಊರಿ ನಮ್ಮ ಸರ್ಕಸ್ಸನ್ನೆಲ್ಲ ನೋಡಿದರು. ಹೆಗಲ ಮೇಲೆ ಮಡಚಿದ ಕರಿ ಕಂಬಳಿ.

"ಏನ್ ಮೇಷ್ಟ್ರೇ, ಹಾಸಿಗೇನ ಚೀಲಕ್ಕೆ ತುಂಬ್ತೀರಲ್ಲ?"

ನಾನು ಮೇಷ್ಟ್ರಾಗಿದ್ದೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ! ಪುಟ್ಟಿ ಉತ್ಸಾಹದಿಂದ ಎಲ್ಲ ವಿವರಿಸಿದಳು. ಅವರು ಚಾಪೆಯ ಅಂಚನ್ನು ಎರಡು ಬೆರಳಲ್ಲಿ ಅದುಮಿ ನೋಡಿದರು.

"ಮಳೆ ಬಂದ್ರೆ ಇದನ್ನ ಹೊದ್ಕಳಾಕೆ ಬತ್ತೈತಾ?"

"ಇಲ್ಲ."

"ಕುರಿಮರಿ ಹುಟ್ಟಿದ್ರೆ ಇದ್ರಾಗೆ ಸುತ್ಕಂಡು ಹೊರಾಕೆ?"

"ಇಲ್ಲ."

"ಹಂಗಾರೆ ಎಲ್ಡೇ ಕೆಲ್ಸ" ಎಂದು ನಕ್ಕು, ಹಿಂಡು ಹೊಡೆದುಕೊಂಡು ಮುಂದೆ ಹೋದರು.

ಅವರು ಹೋದ ಮೇಲೂ ಕಂಬಳಿಯ ವಾಸನೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ನನಗೆ ಅಪ್ಪನ ನೆನಪಾಯಿತು. ಅಪ್ಪ ಚಳ್ಳಕೆರೆಯಲ್ಲಿ ಕಡಲೆಕಾಯಿ ಮೂಟೆ ಹೊರುವ ಹಮಾಲಿಯಾಗಿದ್ದರು. ಎಣ್ಣೆ ಗಿರಣಿಗಳ ಊರು ಅದು. ಕಂಬಳಿಗೂ ಹೆಸರಾದ ಊರು. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಆ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯುತ್ತಾರೆ. ಹೊಸ ಕಂಬಳಿ ಮೈಗೆ ಚುಚ್ಚುವುದು, ತಗಡಿನ ಹಾಗೆ ಸೆಡೆತು ನಿಲ್ಲುವುದು ಆ ಗಂಜಿಯ ಕೆಲಸವೂ ಹೌದು.

ಅಪ್ಪ ಆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿನ ಮೇಲೆ ಹಾಕಿಕೊಳ್ಳುತ್ತಿದ್ದರು. ಅದರ ಮೇಲೆ ಮೂಟೆ. ಬೆನ್ನಿಗೆ ಮೆತ್ತೆಯಾಗಲಿ ಎಂದು ಹಾಕಿಕೊಳ್ಳುತ್ತಾರೆ ಅಂತ ನಾನು ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಒಮ್ಮೆ ಕೇಳಿದಾಗ ಅವರು ಕಂಬಳಿಯ ಕೆಳಗಿನ ಮಡಿಕೆಯನ್ನು ತೋರಿಸಿದರು. ಅದು ಸೊಂಟದ ಹತ್ತಿರ ದಪ್ಪವಾಗಿ, ಒಂದು ಸಣ್ಣ ಕಟ್ಟೆಯಂತೆ ಇರುತ್ತಿತ್ತು. ಮೂಟೆಯ ಬುಡ ಆ ಕಟ್ಟೆಯ ಮೇಲೆ ಕೂರುತ್ತಿತ್ತು. "ಹೆಗಲಿಗೆ ಕೊಟ್ರೆ ಹತ್ತು ಮೂಟೆ, ಸೊಂಟಕ್ಕೆ ಕೊಟ್ರೆ ಐವತ್ತು ಮೂಟೆ" ಎಂದಿದ್ದರು. ಐವತ್ತು ವರ್ಷ ಕಳೆದ ಮೇಲೆ, ಬೇವಿನ ಮರದ ಕೆಳಗೆ ನನಗೆ ಆ ಮಾತು ಅರ್ಥವಾಯಿತು. ಅಪ್ಪನಿಗೆ ಎಷ್ಟು ಗೊತ್ತಿದ್ದರೇನು, ಮೂಟೆಗಳು ಬಹಳವಿದ್ದವು. ಕೊನೆಯ ವರ್ಷಗಳಲ್ಲಿ ಅವರು ನೆಟ್ಟಗೆ ನಿಂತದ್ದನ್ನು ನಾನು ನೋಡಲಿಲ್ಲ.

ಇಲ್ಲೊಂದು ಮಾತು ಶಾಲೆಯ ಚೀಲದ ಬಗ್ಗೆ. ಪುಟ್ಟಿ ಬೆನ್ನಿಗೆ ಹಾಕಿಕೊಂಡಿದ್ದು ಅವಳ ಶಾಲೆಯ ಚೀಲವನ್ನೇ. ಅದರೊಳಗೆ, ಬೆನ್ನಿನ ಕಡೆಗೆ, ಹಳೆಯ ಫೋಮ್ ಚಾಪೆಯ ತುಂಡೊಂದನ್ನು ಅವಳಮ್ಮ ಅಳತೆಗೆ ಕತ್ತರಿಸಿ ಇಟ್ಟಿದ್ದಾಳೆ. ಬಿಸಿಲಲ್ಲಿ ಎಲ್ಲಾದರೂ ಕೂರಬೇಕಾದಾಗ ತೆಗೆದು ಹಾಸಿಕೊಳ್ಳುತ್ತಾಳೆ, ಉಳಿದ ಹೊತ್ತು ಅದು ಚೀಲದ ಬೆನ್ನೆಲುಬು. ಅಂಥ ತುಂಡು ಸಿಗದಿದ್ದರೆ ಎಲ್ಲಕ್ಕಿಂತ ದೊಡ್ಡ, ಭಾರದ ಪುಸ್ತಕವನ್ನು ಬೆನ್ನಿಗೆ ಅಂಟುವಂತೆ ಇಡಿ. ಊಟದ ಡಬ್ಬಿ ಹೊರಗಡೆಗೆ ಹೋಗಲಿ. ಎರಡೂ ಹೆಗಲಪಟ್ಟಿ ಹಾಕಿ, ಚೀಲ ಹಿಂಬದಿಗೆ ಜೋಲಾಡದಂತೆ ಎಳೆದುಕೊಳ್ಳಿ. ಹಾಗಂತ ತುಂಡು ಚಾಪೆ ಇದೆ ಎಂದು ಹೆಚ್ಚು ತುಂಬುವಂತಿಲ್ಲ. ಕರ್ನಾಟಕ ಸರ್ಕಾರದ 2019ರ ಆದೇಶದಂತೆ ಒಂದು, ಎರಡನೇ ತರಗತಿಯವರ ಚೀಲ 2 ಕೆ.ಜಿ. ದಾಟಬಾರದು. ಮೂರರಿಂದ ಐದರವರೆಗೆ 3, ಆರರಿಂದ ಎಂಟರವರೆಗೆ 4, ಒಂಬತ್ತು ಹತ್ತಕ್ಕೆ 5 ಕೆ.ಜಿ. ಮನೆಯಲ್ಲಿ ತಕ್ಕಡಿ ಇದ್ದರೆ ಅಜ್ಜಿಯೋ ಅಜ್ಜನೋ ಒಂದು ದಿನ ತೂಗಿ ನೋಡಲಿ. ನಾನು ಪುಟ್ಟಿಯದನ್ನು ತೂಗಿದಾಗ ಏನು ಬಂತೆಂದು ಇಲ್ಲಿ ಬರೆಯುವುದಿಲ್ಲ. ಅವಳು ಈ ಲೇಖನ ಓದುತ್ತಾಳೆ.

ಸಂಜೆಗೆ ತೋಟದ ಮನೆ ತಲುಪಿದೆವು. ಈ ಕಡೆಯ ಗುಡ್ಡಗಳಲ್ಲಿ ಕರಡಿಗಳಿವೆ, ಆದ್ದರಿಂದ ಬಯಲಿನಲ್ಲಿ ಮಲಗುವ ಆಸೆಗೆ ಅವಕಾಶವಿಲ್ಲ. ಮನೆಯ ಮುಂದಿನ ಜಗಲಿಯಲ್ಲೇ ಮಲಗಿದೆವು. ಪುಟ್ಟಿಗೆ ಹೊರಸು, ನನಗೆ ಚಾಪೆ. ಡಿಸೆಂಬರಿನ ಚಳಿಯಲ್ಲಿ ಬಂಡೆ ಹಾಸಿದ ಜಗಲಿ ಮೈಯ ಬಿಸಿಯನ್ನು ಎಳೆದುಕೊಳ್ಳುವ ರೀತಿ ಮಲಗಿದವರಿಗೇ ಗೊತ್ತು. ಎಷ್ಟೇ ಹೊದ್ದರೂ ಕೆಳಗಿನಿಂದ ಬರುವ ಚಳಿಗೆ ಹೊದಿಕೆಯಲ್ಲಿ ಮದ್ದಿಲ್ಲ. ಚಾಪೆಯ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಗಾಳಿ ಅದನ್ನು ತಡೆಯಿತು. ಹಗಲೆಲ್ಲ ಚೀಲದ ಗೋಡೆಯಾಗಿ ನಿಂತದ್ದು ರಾತ್ರಿ ನನ್ನ ಕೆಳಗೆ ಚಪ್ಪಟೆಯಾಗಿ ಬಿದ್ದಿತ್ತು. ಪಕ್ಕದಲ್ಲಿ ಚೀಲ ಮತ್ತೆ ಖಾಲಿ ಮೂಟೆಯಾಗಿ ಮುದುಡಿತ್ತು.

ನಿದ್ದೆ ಬರುವ ಮುನ್ನ ಪುಟ್ಟಿ ಹೊರಸಿನ ಮೇಲಿಂದ ನನಗೊಂದು ಕಥೆ ಹೇಳಿದಳು. ಅಜ್ಜನಿಗೆ ಮೊಮ್ಮಗಳು ಹೇಳಿದ ಅಜ್ಜಿಕಥೆ. ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, 1955ರಲ್ಲಿ ತನ್ನ 67ನೇ ವಯಸ್ಸಿನಲ್ಲಿ ಅಪಲೇಷಿಯನ್ ಕಾಲುದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳಂತೆ. ಸುಮಾರು 3,300 ಕಿಲೋಮೀಟರ್! ಟೆಂಟ್ ಇಲ್ಲ, ಮಲಗುವ ಚೀಲ ಇಲ್ಲ. ಜೀನ್ಸ್ ಬಟ್ಟೆಯಲ್ಲಿ ತಾನೇ ಹೊಲಿದ ಒಂದು ಗಂಟನ್ನು ಒಂದೇ ಹೆಗಲಿಗೆ ಹಾಕಿಕೊಂಡಿದ್ದಳು. ಒಳಗೆ ಸೈನಿಕರ ಕಂಬಳಿ, ಮಳೆಗೆಂದು ಸ್ನಾನದಮನೆಯ ಪ್ಲಾಸ್ಟಿಕ್ ಪರದೆ. ಕಾಲಿಗೆ ಕ್ಯಾನ್ವಾಸ್ ಬೂಟು. 1957ರಲ್ಲಿ ಮತ್ತೊಮ್ಮೆ ಆ ದಾರಿ ನಡೆದಳು. ಅಲ್ಲಿಂದ ನಾಲ್ಕು ದಶಕದೊಳಗೆ ಅದೇ ದೇಶದ ರೇ ಜಾರ್ಡೀನ್ ಎಂಬಾತ ಇಂಥ ಹಗುರ ಚೀಲಗಳನ್ನು ಹೊಲಿಯುವುದನ್ನೂ ಹೊರುವುದನ್ನೂ ಪುಸ್ತಕದಲ್ಲಿ ಬರೆದು ಸಾವಿರಾರು ನಡಿಗೆಗಾರರಿಗೆ ಹುಚ್ಚು ಹಿಡಿಸಿದ.

"ಆ ಅಜ್ಜಿಗೆ ಹೆಗಲು ನೋಯಲಿಲ್ಲವಂತಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಹೊರಸಿನ ಮೇಲೆ ಪುಟ್ಟಿ ನಿದ್ದೆ ಹೋಗಿದ್ದಳು.

ಬೆಳಗ್ಗೆ ಬಿಸಿಲೇರುವ ಮೊದಲೇ ಅಕ್ಷರಗುಂಡಿನ ಹತ್ತಿರ ಇದ್ದೆವು. ಬ್ರಹ್ಮಗಿರಿಯ ಬುಡದ ಈ ಬಂಡೆಯನ್ನು ಜನ ಹಿಂದಿನಿಂದಲೂ ಕರೆಯುವುದು ಹಾಗೆ. ಇದರ ಮೇಲೆ ಬರೆದಿರುವುದು ಅಶೋಕನ ಆಜ್ಞೆ ಎಂದು ಹೊರಲೋಕಕ್ಕೆ ತಿಳಿದದ್ದು 1892ರಲ್ಲಿ, ಬಿ. ಎಲ್. ರೈಸ್ ಅವರಿಂದ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಮೂರು ಕಡೆ ಅವು ಸಿಕ್ಕವು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಸುವರ್ಣಗಿರಿಯ ಅಧಿಕಾರಿಗಳು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಸಂದೇಶ. ಆ ಇಸಿಲ ಇದೇ ಜಾಗ. ಬರೆದವನು ಚಪಡ ಎಂಬ ಲಿಪಿಕಾರ. ತನ್ನ ಹೆಸರನ್ನು ಬರೆದು, 'ಲಿಪಿಕಾರನಿಂದ' ಎಂಬ ಪದವನ್ನು ಮಾತ್ರ ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಲ್ಲಿಯ ವಾಯವ್ಯ ದಿಕ್ಕು, ಎಲ್ಲಿಯ ಮೊಳಕಾಲ್ಮೂರು! ಆ ಲಿಪಿಯನ್ನು ಕಲಿತವನು ಏನೇನು ಹೊತ್ತುಕೊಂಡು, ಎಷ್ಟು ದಿನ ನಡೆದು ಇಲ್ಲಿಗೆ ಬಂದನೋ.

ಪುಟ್ಟಿಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಶಾಸನದಲ್ಲಿ 256 ಎಂಬ ಅಂಕಿ ಇದೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಅನೇಕ ವಿದ್ವಾಂಸರು ಅರ್ಥ ಮಾಡಿದ್ದಾರೆ.

"ಇನ್ನೂರೈವತ್ತಾರು ರಾತ್ರಿ ಎಲ್ಲಿ ಮಲಗಿದ ಅಜ್ಜಾ? ಚಾಪೆ ಇತ್ತಾ?"

"ರಾಜನಿಗೆ ಹೊರುವವರು ಇದ್ದರು ಬಿಡು" ಎಂದೆ.

"ಹೊರುವವರಿಗೆ?"

ನನಗೆ ಉತ್ತರ ತೋಚಲಿಲ್ಲ. ಆ ಹೊತ್ತಿಗೆ ಸರಿಯಾಗಿ ಚೀಲದ ಪಟ್ಟಿ ಬಿಗಿಯುವ ಕೆಲಸ ನೆನಪಾಯಿತು.

ಸುತ್ತಲಿನ ಬಯಲಿನಲ್ಲಿ ಪ್ರಾಚೀನ ಜನರ ಕಲ್ಗೋರಿಗಳಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆದು ನೋಡಿದ್ದರು. ಅದರ ಬಗ್ಗೆ ಬರೆಯಹೊರಟರೆ ಇನ್ನೊಂದು ಲೇಖನವೇ ಆಗುತ್ತದೆ.

ಜಟಿಂಗ ರಾಮೇಶ್ವರದ ಮೆಟ್ಟಿಲು ಶುರುವಾಗುವಲ್ಲಿ ನಿಂತು ಚೀಲವನ್ನು ಇನ್ನೊಮ್ಮೆ ಪರೀಕ್ಷಿಸಿದೆ. ಒಂದು ಲೀಟರ್ ನೀರು ಖರ್ಚಾಗಿತ್ತು, ಬುತ್ತಿ ಅರ್ಧವಾಗಿತ್ತು. ಹಾಗಾಗಿ ಒಳಗೆ ಸಾಮಾನು ಸಡಿಲವಾಗಿ ಚಾಪೆಯ ಗೋಡೆ ಒಳಕ್ಕೆ ಬಾಗತೊಡಗಿತ್ತು. ಸ್ವೆಟರ್ ಬಿಚ್ಚಿ ಆ ಜಾಗಕ್ಕೆ ತುರುಕಿದೆ, ಪಕ್ಕದ ದಾರಗಳನ್ನು ಎಳೆದೆ. ಮತ್ತೆ ಕಂಬವಾಯಿತು. ಇಷ್ಟನ್ನು ನಾನೇ ಮಾಡಿದ್ದಕ್ಕೆ ಪುಟ್ಟಿಯಿಂದ ಶಹಭಾಸ್‌ಗಿರಿ ಸಿಕ್ಕಿತು. ಒಂದೇ ತೊಂದರೆ ಅಂದರೆ ಬೆನ್ನು ಬೆವರುತ್ತದೆ. ರಾತ್ರಿ ಚಳಿಯನ್ನು ತಡೆದ ಗಾಳಿ ಹಗಲು ನನ್ನ ಸೆಕೆಯನ್ನೂ ಹೊರಗೆ ಬಿಡಲೊಲ್ಲದು. ಅದಕ್ಕೇನು ಮಾಡುವುದು? ಅಲ್ಲಲ್ಲಿ ಚೀಲ ಇಳಿಸಿ ಕೂರುವುದು. ನನ್ನ ಮೊಣಕಾಲುಗಳಿಗೂ ಅದೇ ಬೇಕಿತ್ತು.

ರಾವಣನೊಂದಿಗೆ ಕಾದಾಡಿ ರೆಕ್ಕೆ ಕತ್ತರಿಸಿಕೊಂಡ ಜಟಾಯು ಬಿದ್ದದ್ದು ಈ ಬೆಟ್ಟದ ಮೇಲೆ ಎಂದು ಇಲ್ಲಿಯ ನಂಬಿಕೆ. ಮೇಲೆ ಹೋದರೆ ದೇವಸ್ಥಾನ, ಮತ್ತು ಮೂರನೆಯ ಶಾಸನ. ಈ ಶಾಸನದ ಅಕ್ಷರಗಳು ಬಹಳ ಸವೆದಿವೆ. ಅದಿರುವ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರು. ಜಾತ್ರೆಯಲ್ಲಿ ಬಳೆಗಾರರು ಇಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದರಂತೆ.

ಯೋಚನೆ ಮಾಡಿ, ಗಾಜಿನ ಬಳೆ ಹೊತ್ತು ಈ ಬೆಟ್ಟ ಹತ್ತುವುದು! ನಮ್ಮ ಅಜ್ಜಿಯ ಮನೆಗೆ ಬರುತ್ತಿದ್ದ ಬಳೆಗಾರರ ಮಲಾರ ನನಗೆ ಚೆನ್ನಾಗಿ ನೆನಪಿದೆ. ಬಳೆಗಳನ್ನು ಹಗ್ಗಕ್ಕೆ ಪೋಣಿಸಿ, ಒತ್ತೊತ್ತಾಗಿ ಬಿಗಿದು, ಉದ್ದನೆಯ ಉರುಳೆಗಳನ್ನಾಗಿ ಮಾಡಿ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಒಂದೇ ಬಳೆ ಕೈಜಾರಿದರೆ ಚೂರುಚೂರು. ನೂರು ಬಳೆ ಬಿಗಿದು ಕೊಳವೆಯಾದರೆ ಊರೂರು ಸುತ್ತಿದರೂ ಒಡೆಯದು. ಇದನ್ನು ಹೇಳಿದಾಗ ಪುಟ್ಟಿ ತನ್ನ ಚೀಲದಿಂದ ಹಾಳೆಯೊಂದನ್ನು ತೆಗೆದು, ಸುತ್ತಿ, ಬಂಡೆಯ ಪಕ್ಕದಲ್ಲೇ ನೆಲದ ಮೇಲೆ ನಿಲ್ಲಿಸಿ ಅದರ ಮೇಲೆ ತನ್ನ ಕೈಬಳೆ ಇಟ್ಟಳು. ಗಾಳಿ ಬಂದು ಎರಡನ್ನೂ ಉರುಳಿಸಿತು. ಪ್ಲಾಸ್ಟಿಕ್ ಬಳೆ, ಏನೂ ಆಗಲಿಲ್ಲ.

ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಕೈ?" ಎಂದು ಒಂದೇ ಪದ ಕೇಳಿದಳು. ಮೊದಲ ಅರ್ಧ ಗಂಟೆಯ ಕಥೆಯನ್ನು ಮುಚ್ಚಿಡೋಣ ಅನ್ನಿಸಿತ್ತು. ಪಕ್ಕದಲ್ಲಿ ಸಾಕ್ಷಿ ಇದ್ದಳಲ್ಲ, ಹೇಳಿದೆ. ಚಾಪೆಯನ್ನು ಹೊರಗೆ ಕಟ್ಟಿದ್ದೆ ಎಂದಾಗ ಆ ಕಡೆಯಿಂದ ಬಂದ ಬೈಗುಳ ಇಲ್ಲಿ ಬೇಡ.

ಸಂಜೆ ಮನೆಗೆ ಬಂದು ಕಾಲು ತೊಳೆದ ಮೇಲೆ ಪುಟ್ಟಿ ಹಟ ಹಿಡಿದಳು, ಮುತ್ತಜ್ಜನ ಕಂಬಳಿ ತೋರಿಸು ಎಂದು. ಅಟ್ಟದ ಪೆಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ನಡುವೆ ಇತ್ತು. ಅಂಚಿನಲ್ಲಿ ಎರಡು ಕಡೆ ಹುಳ ತಿಂದಿದೆ, ಉಳಿದಂತೆ ಗಟ್ಟಿ. ತಕ್ಕಡಿಗೆ ಹಾಕಿದೆವು. ಎರಡು ಕೆ.ಜಿ. ಆರುನೂರು ಗ್ರಾಂ. ಚೀಲ, ಚಾಪೆ, ಪುಟ್ಟಿಯ ತುಂಡು ಎಲ್ಲ ಸೇರಿಸಿದರೂ ಇದರ ಅರ್ಧಕ್ಕೆ ಬರುವುದಿಲ್ಲ. ಹಗುರ ಚೀಲದವರು ನೋಡಿದರೆ ನಗುತ್ತಾರೆ. ಆದರೆ ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಕೊಪ್ಪೆ ಹಾಕಿದರೆ ಕೊಡೆ, ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಡಚಿದರೆ ಅಪ್ಪನ ಕಟ್ಟೆ. ಆ ಕುರಿಗಾಹಿ ಹೇಳಿದ ಕುರಿಮರಿಯ ಲೆಕ್ಕ ಬೇರೆ.

ನಾನು ಅಪ್ಪ ಮಾಡುತ್ತಿದ್ದಂತೆ ನಾಲ್ಕು ಮಡಿಕೆ ಮಾಡಲು ಹೋದೆ. ಕೆಳಗಿನ ಕಟ್ಟೆ ಹೇಗೆ ಬರುತ್ತಿತ್ತೋ ನೆನಪಾಗಲಿಲ್ಲ. ಮೂರು ಸಲ ಬಿಚ್ಚಿ ಮಡಚಿದೆ. ನಾಲ್ಕನೇ ಸಲ ಪುಟ್ಟಿ ಒಂದು ತುದಿ ಹಿಡಿದುಕೊಂಡು, "ಇಲ್ಲಿ ಒಳಗೆ ಮಡಚು ಅಜ್ಜಾ, ಆಮೇಲೆ ಮೇಲಕ್ಕೆ" ಎಂದಳು. ಹಾಗೇ ಮಾಡಿದೆ. ಬೆನ್ನ ಮೇಲೆ ಹಾಕಿಕೊಂಡು ಸೊಂಟದ ಹತ್ತಿರ ಕೈಯಾಡಿಸಿದೆ. ಬಂದಿತ್ತು.